ಮಗನಿಗೆ ಸ್ಕೂಲ್ ಸ್ವೆಟರ್ ಚುಚ್ಚುತ್ತದಂತೆ, ಯಾವುದು ಕೊಡಿಸಲಿ?

ನಿಮ್ಮ ಪ್ರಶ್ನೆ ಓದಿದೆ. ಮಗನಿಗೆ ಆರು ವರ್ಷ, ಬೆಂಗಳೂರಿನಲ್ಲಿ ಒಂದನೇ ಕ್ಲಾಸು. ಶಾಲೆಯವರು ಹೇಳಿದ ನೇವಿ ಬ್ಲೂ ವಿ-ನೆಕ್ ಸ್ವೆಟರ್ ಕೊಡಿಸಿದ್ದೀರಿ. ಅವನು 'ಚುಚ್ಚುತ್ತೆ' ಅಂತ ವ್ಯಾನ್ ಹತ್ತುವ ಮೊದಲೇ ಬಿಚ್ಚಿ ಬ್ಯಾಗಿಗೆ ತುರುಕುತ್ತಾನೆ. ಇನ್ನಷ್ಟು ದುಡ್ಡು ಹಾಕಿ ಅಸಲಿ ಉಣ್ಣೆಯದ್ದೇ ಕೊಡಿಸಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ಜೊತೆಗೆ ಪಿಟಿ ಟೀಶರ್ಟಿನದ್ದೂ ಒಂದು ದೂರು.

ನಮ್ಮದು ಹಾಸನದಲ್ಲಿ ಯೂನಿಫಾರ್ಮ್ ಅಂಗಡಿ. ಮನೆಯಲ್ಲಿ ಇಬ್ಬರು ಗಂಡು ಮಕ್ಕಳೂ ಇದ್ದಾರೆ. ಹಾಗಾಗಿ ಗಲ್ಲಾದ ಆಚೆ ಈಚೆ ಎರಡೂ ಕಡೆಯ ಕಥೆ ನನಗೆ ಗೊತ್ತು. ದುಬಾರಿಯದ್ದು ಬೇಡ. ತೆಳ್ಳಗಿನದ್ದು ನೋಡಿ. ಶಾಲೆಯವರು ಒಪ್ಪಿದರೆ ತೋಳಿಲ್ಲದ್ದೇ ಕೊಡಿಸಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ಅವನಿಗೆ ಎಲ್ಲಿ ಚುಚ್ಚುತ್ತದೆ ಅಂತ ಕೇಳಿ. ಬಾಯಲ್ಲಿ ಕೇಳಿದರೆ 'ಎಲ್ಲಾ ಕಡೆ' ಅಂತಾನೆ. ಕೈಯಿಂದ ಮುಟ್ಟಿ ತೋರಿಸು ಅನ್ನಿ. ಮಕ್ಕಳ ಬಾಯಲ್ಲಿ ಸೆಕೆ, ಬಿಗಿ, ಬೆವರು ಎಲ್ಲವೂ 'ಚುಚ್ಚುತ್ತೆ'. ಆಟ ಆಡಿ ಬಂದ ಮೇಲೆ ಬಿಚ್ಚುವವನಾಗಿದ್ದರೆ ಅದು ಬೆವರು. ನಿಮ್ಮವನು ಬೆಳಿಗ್ಗೆ ಏಳು ಗಂಟೆಯ ಚಳಿಯಲ್ಲೇ ಬಿಚ್ಚುತ್ತಾನೆ ಅಂದರೆ ನಿಜವಾಗಿಯೂ ಏನೋ ಮೈಗೆ ತಾಗುತ್ತಿದೆ.

ಅಂಗಡಿಯಲ್ಲಿ ನಾನು ಕಂಡಂತೆ ಅದು ಹೆಚ್ಚಾಗಿ ಮುಂಗೈ. ನೋಡಿ, ಚಿಕ್ಕ ಕ್ಲಾಸಿನ ಹುಡುಗರ ಯೂನಿಫಾರ್ಮ್ ಶರ್ಟು ಬಹುತೇಕ ಅರ್ಧ ತೋಳಿನದ್ದು. ಅದರ ಮೇಲೆ ಪೂರ್ತಿ ತೋಳಿನ ಸ್ವೆಟರ್ ಹಾಕುತ್ತೇವೆ. ಎದೆ, ಬೆನ್ನು, ಕುತ್ತಿಗೆಗೆ ಶರ್ಟು ಅಡ್ಡ ಇರುತ್ತದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಏನೂ ಇಲ್ಲ, ಬರೀ ಚರ್ಮಕ್ಕೆ ಸ್ವೆಟರ್ ಉಜ್ಜುತ್ತದೆ. ಬರೆಯುವಾಗ ಡೆಸ್ಕಿನ ಮೇಲೆ ಕೈ ಊರಿದರೆ ಇನ್ನೂ ಒತ್ತುತ್ತದೆ. ದೊಡ್ಡವರಿಗೆ ಇದು ಹೊಳೆಯುವುದೇ ಇಲ್ಲ, ಯಾಕೆಂದರೆ ನಾವು ಪೂರ್ತಿ ತೋಳಿನ ಬಟ್ಟೆ ಮೇಲೆ ಸ್ವೆಟರ್ ಹಾಕಿಕೊಳ್ಳುತ್ತೇವೆ. ಒಳಗೆ ಒಂದು ತೆಳ್ಳಗಿನ ಹತ್ತಿಯ ಫುಲ್ ತೋಳಿನ ಬನಿಯನ್ ಹಾಕಿ ನೋಡಿ. ಅರ್ಧ ಜಗಳ ಅಲ್ಲೇ ಮುಗಿಯಬಹುದು. ಅಥವಾ ಸ್ವೆಟರ್ ತೋಳೇ ಇಲ್ಲದಂತೆ ಮಾಡಿ, ಅಂದರೆ ಹಾಫ್ ಸ್ವೆಟರ್.

ಈಗ ಉಣ್ಣೆಯ ವಿಷಯ. ಚುಚ್ಚುವುದು ಎಳೆಯ ದಪ್ಪದಿಂದ. ಅದನ್ನು ಅಳೆಯುವುದು ಮೈಕ್ರಾನ್ ಲೆಕ್ಕದಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಸುಮಾರು 30 ಮೈಕ್ರಾನ್‌ಗಿಂತ ದಪ್ಪಗಿರುವ ಎಳೆಯ ತುದಿ ಹೊರಗೆ ಚಾಚಿಕೊಂಡಿದ್ದರೆ ಅದು ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ನೇರ ಒತ್ತುತ್ತದೆ. ಸಣ್ಣ ಎಳೆ ಬಾಗಿಬಿಡುತ್ತದೆ, ಗೊತ್ತೇ ಆಗುವುದಿಲ್ಲ. ಮೆರಿನೋ ಕುರಿಯ ಒಳ್ಳೆಯ ಉಣ್ಣೆ 20 ಮೈಕ್ರಾನ್ ಆಸುಪಾಸು ಇರುತ್ತದೆ, ಅದು ನಿಜಕ್ಕೂ ಮೆತ್ತಗೆ. ಆದರೆ ಸಾಮಾನ್ಯ ಉಣ್ಣೆ ಅಷ್ಟು ನಯ ಇರುವುದಿಲ್ಲ. ಸುಮ್ನೆ 'ಅಸಲಿ ಉಣ್ಣೆ' ಅಂತ ಕೊಂಡರೆ ಈಗಿನದಕ್ಕಿಂತ ಜಾಸ್ತಿ ಚುಚ್ಚುವ ಸಾಧ್ಯತೆಯೇ ಹೆಚ್ಚು. ಮೆರಿನೋ ಕೊಂಡಿರಿ ಅಂತಲೇ ಇಟ್ಟುಕೊಳ್ಳಿ. ಯಾರೋ ಒಂದು ದಿನ ಬಿಸಿನೀರಿಗೆ ಹಾಕಿ ಮೆಷಿನ್ ತಿರುಗಿಸಿದರೆ ಅದು ಕುಗ್ಗಿ ತಮ್ಮನಿಗೂ ಆಗದಂತಾಗುತ್ತದೆ. ಫುಟ್‌ಬಾಲ್ ಆಡುವಾಗ ಸ್ವೆಟರ್ ಗುಡ್ಡೆ ಹಾಕಿ ಗೋಲ್ ಪೋಸ್ಟ್ ಮಾಡುವ ವಯಸ್ಸಿನವನಿಗೆ ಅಷ್ಟು ದುಡ್ಡಿನದ್ದು ಯಾಕೆ ಹೇಳಿ?

ನಮ್ಮಲ್ಲಿ ಸಿಗುವ ಸ್ಕೂಲ್ ಸ್ವೆಟರ್‌ಗಳಲ್ಲಿ ಹೆಚ್ಚಿನವು ಅಕ್ರಿಲಿಕ್, ಅಂದರೆ ಉಣ್ಣೆಯಂತೆ ಕಾಣುವ ಕೃತಕ ದಾರ. ದೊಡ್ಡ ಪಾಲು ಲೂಧಿಯಾನದಿಂದ ಬರುತ್ತದೆ. ಅಂಗಡಿಯವರು ಕ್ಯಾಶ್ಮಿಲಾನ್ ಎಂದರೂ ಅದು ಅಕ್ರಿಲಿಕ್ಕೇ. ಕೆಟ್ಟದ್ದೇನಲ್ಲ. ಬಣ್ಣ ನಿಲ್ಲುತ್ತದೆ, ಬೇಗ ಒಣಗುತ್ತದೆ, ನುಸಿ ತಿನ್ನುವುದಿಲ್ಲ, ಮೆಷಿನ್ನಿಗೂ ಜಗ್ಗುವುದಿಲ್ಲ. ದೋಷ ಅಂದರೆ ಬೆವರು ಹೀರುವುದಿಲ್ಲ. ಉಣ್ಣೆ ಗಾಳಿಯಿಂದಲೇ ತನ್ನ ತೂಕದ ಸುಮಾರು 16 ಶೇಕಡಾ ತೇವ ಹಿಡಿಯುತ್ತದೆ, ಹತ್ತಿ 8ರ ಹತ್ತಿರ, ಅಕ್ರಿಲಿಕ್ ಬರೀ 2ರ ಆಸುಪಾಸು. ಅದಕ್ಕೇ ಒಳಗೆ ಹತ್ತಿ ಬೇಕು ಅನ್ನುವುದು. ಇನ್ನೊಂದು, ಅದು ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ಒಲೆಯ ಮುಂದೆ, ದೀಪಾವಳಿ ಪಟಾಕಿ ಹೊತ್ತಿನಲ್ಲಿ ಸ್ಕೂಲ್ ಸ್ವೆಟರ್ ಬೇಡವೇ ಬೇಡ.

ಯಾವುದು ಯಾವ ದಾರ ಅಂತ ಅನುಮಾನ ಇದ್ದರೆ ಒಳಗಿನ ಹೊಲಿಗೆಯ ಹತ್ತಿರ ನೇತಾಡುವ ಸ್ವೆಟರ್ ದಾರದ ಒಂದು ತುಂಡು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಸಿಂಕಿನ ಮೇಲೆ ಬೆಂಕಿಕಡ್ಡಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು ತಾನೇ ಆರಿದರೆ ಉಣ್ಣೆ. ಕಾಗದ ಸುಟ್ಟ ವಾಸನೆ, ಬೂದಿ ಬಂದರೆ ಹತ್ತಿ. ಕರಗಿ ಕಪ್ಪಗೆ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಇದನ್ನು ಮನೆಯಲ್ಲಿ ಮಾಡಿ, ಅಂಗಡಿಯಲ್ಲಲ್ಲ!

ಅಂಗಡಿಯಲ್ಲಿ ಮಾಡಬೇಕಾದ್ದು ಬೇರೆ. ಸ್ವೆಟರನ್ನು ಒಳಮೈ ಹೊರಗೆ ಮಾಡಿ. ಮಾರುವವರೆಲ್ಲ ಹೊರಮೈ ಸವರಿಸಿ 'ಎಷ್ಟು ಸಾಫ್ಟ್ ನೋಡಿ ಮೇಡಂ' ಅನ್ನುತ್ತಾರೆ, ನಾನೂ ಅನ್ನುತ್ತೇನೆ. ಮಗುವಿಗೆ ಬೇಕಾದ್ದು ಒಳಮೈ. ಭುಜದ ಹೊಲಿಗೆ, ಕುತ್ತಿಗೆಯ ಪಟ್ಟಿ ಸೇರುವ ಜಾಗ, ಕಂಕುಳು, ಈ ಮೂರು ಕಡೆ ನಿಮ್ಮ ಮುಂಗೈಯ ಒಳಭಾಗವನ್ನು ಉಜ್ಜಿ ನೋಡಿ. ಬೆರಳ ತುದಿ ಬೇಡ, ಪಾತ್ರೆ ತಿಕ್ಕಿ ತಿಕ್ಕಿ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಕುತ್ತಿಗೆ ಪಟ್ಟಿಯನ್ನು ಕುಣಿಕೆಗೆ ಕುಣಿಕೆ ಕೂಡಿಸಿ ಸೇರಿಸಿದ್ದರೆ ಅದು ಚಪ್ಪಟೆ ಇರುತ್ತದೆ. ಅದಕ್ಕೆ ಲಿಂಕಿಂಗ್ ಅನ್ನುತ್ತಾರೆ. ಕಡಿಮೆ ಬೆಲೆಯದರಲ್ಲಿ ಬಟ್ಟೆ ಕತ್ತರಿಸಿ ಓವರ್‌ಲಾಕ್ ಹೊಡೆದಿರುತ್ತಾರೆ. ಅಲ್ಲಿ ದಪ್ಪನೆಯ ದಿಂಡು ಕೈಗೆ ಸಿಗುತ್ತದೆ. ಕೆಲವರು ನೈಲಾನ್ ದಾರ ಬಳಸುತ್ತಾರೆ, ಅದರ ಕತ್ತರಿಸಿದ ತುದಿ ಮುಳ್ಳಿನ ಹಾಗೆ ನಿಂತಿರುತ್ತದೆ.

ಮತ್ತೆ ಬೆನ್ನ ಹಿಂದಿನ ಸೈಜ್ ಚೀಟಿ. ಅದನ್ನು ಕತ್ತರಿಯಲ್ಲಿ ಕತ್ತರಿಸಬೇಡಿ. ಉಳಿದ ಅರ್ಧ ಬೆರಳಿನ ಮೋಟು ಇಡೀ ಚೀಟಿಗಿಂತ ಜಾಸ್ತಿ ಚುಚ್ಚುತ್ತದೆ. ಟೈಲರ್ ಹತ್ತಿರ ಇರುವ ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಎಳೆ ಎಳೆಯಾಗಿ ಬಿಚ್ಚಿಸಿ. ಆ ಜಾಗದಲ್ಲಿ ಮಗನ ಹೆಸರನ್ನು ಮೆತ್ತನೆಯ ಹತ್ತಿ ದಾರದಲ್ಲಿ ಹೊಲಿದುಬಿಡಿ. ಇಡೀ ಕ್ಲಾಸಿಗೆ ಒಂದೇ ಬಣ್ಣದ ಸ್ವೆಟರ್, ಯಾರದ್ದು ಯಾರ ಮನೆಗೆ ಹೋಗುತ್ತದೋ ದೇವರಿಗೇ ಗೊತ್ತು.

ತೆಳ್ಳಗಿನದ್ದು ಅಂದೆನಲ್ಲ, ಅದನ್ನು ಕೇಳುವುದು ಗೇಜ್ ಲೆಕ್ಕದಲ್ಲಿ. ಹೆಣೆಯುವ ಮೆಷಿನ್ನಿನಲ್ಲಿ ಒಂದು ಇಂಚಿಗೆ ಎಷ್ಟು ಸೂಜಿ ಅನ್ನುವುದೇ ಗೇಜ್. 7 ಗೇಜ್ ಅಂದರೆ ದಪ್ಪ ದಾರ, ದೊಡ್ಡ ಕುಣಿಕೆ. 12 ಗೇಜ್ ಅಂದರೆ ಸಣ್ಣ ದಾರ, ಒತ್ತಾದ ಹೆಣಿಗೆ. '12 ಗೇಜ್ ಇದೆಯಾ' ಅಂತ ಕೇಳಿದರೆ ಯೂನಿಫಾರ್ಮ್ ಅಂಗಡಿಯವರಿಗೆ ಅರ್ಥವಾಗುತ್ತದೆ, ನಿಮ್ಮ ಮೇಲೆ ಸ್ವಲ್ಪ ಗೌರವವೂ ಬರುತ್ತದೆ. ಅಜ್ಜಿಯಂದಿರು ಮಾತ್ರ ಒಪ್ಪುವುದಿಲ್ಲ. ದಪ್ಪ ಇದ್ದರೇ ಬೆಚ್ಚಗೆ ಅಂತ ಅವರ ಹಟ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ 15-16 ಡಿಗ್ರಿ, ಮಧ್ಯಾಹ್ನ 27ರ ಸುತ್ತಮುತ್ತ. ಆರು ವರ್ಷದ ಹುಡುಗ ಒಂದು ಕಡೆ ಕೂರುವವನೂ ಅಲ್ಲ. ಅವನಿಗೆ ಎದೆ, ಬೆನ್ನು ಬೆಚ್ಚಗಿದ್ದರೆ ಸಾಕು. ಹಾಫ್ ಸ್ವೆಟರ್ ಹಾಕಿಕೊಂಡ ಮಕ್ಕಳು ಅದನ್ನು ಸಂಜೆವರೆಗೂ ಬಿಚ್ಚುವುದಿಲ್ಲ. ದಪ್ಪ ಫುಲ್ ಸ್ವೆಟರ್ ಹತ್ತು ಗಂಟೆಗೆ ಬ್ಯಾಗ್ ಸೇರುತ್ತದೆ. ಬ್ಯಾಗಿನಲ್ಲಿರುವ ಸ್ವೆಟರ್ ಯಾರನ್ನು ಬೆಚ್ಚಗಿಡುತ್ತದೆ?

ಸಕಲೇಶಪುರದ ಕಡೆಯಿಂದ ಬರುವವರಿಗೆ ನಾನು ಬೇರೆ ಮಾತೇ ಹೇಳುತ್ತೇನೆ. ಅಲ್ಲಿ ಜೂನ್‌ನಲ್ಲಿ ಸ್ಕೂಲು ಶುರುವಾಗುವುದೂ ಮಳೆ ಶುರುವಾಗುವುದೂ ಒಟ್ಟಿಗೇ. ತಿಂಗಳುಗಟ್ಟಲೆ ಬಟ್ಟೆ ಒಣಗುವುದಿಲ್ಲ. ಅಲ್ಲಿಗೆ ಫುಲ್ ತೋಳು, ಎರಡು ಜೊತೆ, ಖಂಡಿತ ಅಕ್ರಿಲಿಕ್. ಒದ್ದೆಯಾದ ಉಣ್ಣೆ ಬಚ್ಚಲೊಲೆಯ ಮೇಲೆ ತೂಗಿ ಹಾಕಿದರೂ ಎರಡು ದಿನ ಬೇಕು, ಮೇಲೆ ಹೊಗೆ ವಾಸನೆ ಬೇರೆ. ನಿಮಗೆ ಆ ಕಷ್ಟ ಇಲ್ಲ.

ಅಳತೆ. ಆರು ವರ್ಷದವನ ಎದೆ ಸುತ್ತಳತೆ 23-24 ಇಂಚು ಇರಬಹುದು. ಚೀಟಿಯಲ್ಲಿರುವ ನಂಬರ್ ನಂಬಬೇಡಿ, ಒಬ್ಬೊಬ್ಬರದ್ದು ಒಂದೊಂದು. ಸ್ವೆಟರನ್ನು ಮೇಜಿನ ಮೇಲೆ ಹಾಸಿ, ಕಂಕುಳಿಂದ ಕಂಕುಳಿಗೆ ಟೇಪ್ ಹಿಡಿದು ಎರಡರಿಂದ ಗುಣಿಸಿ. ಎದೆಗಿಂತ ಮೂರು ನಾಲ್ಕು ಇಂಚು ಜಾಸ್ತಿ ಇದ್ದರೆ ಸರಿ. 'ಬೆಳೆಯೋ ಹುಡುಗ, ಮೂರು ವರ್ಷ ಬರಲಿ' ಅಂತ ಎರಡು ಸೈಜ್ ದೊಡ್ಡದು ಕೊಂಡರೆ ವಿ-ನೆಕ್ ಹೊಟ್ಟೆವರೆಗೆ ಇಳಿಯುತ್ತದೆ, ಭುಜದ ಹೊಲಿಗೆ ತೋಳಿಗೆ ಬಂದು ಬ್ಯಾಗಿನ ಪಟ್ಟಿಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಅದೂ ಚುಚ್ಚುವುದೇ. ಮಗನನ್ನು ಕರೆದುಕೊಂಡು ಹೋಗಿ, ಹಾಕಿಸಿ, ಎರಡೂ ಕೈ ಮೇಲೆತ್ತಿಸಿ. ಹೊಟ್ಟೆ ಕಾಣಬಾರದು. ತಾನೇ ಬಿಚ್ಚಿ ತಾನೇ ಹಾಕಿಕೊಳ್ಳಲು ಬಿಡಿ. ಕಿವಿ ಎಳೆದುಕೊಂಡು ಮುಖ ಕೆಂಪಾದರೆ ಕುತ್ತಿಗೆ ಚಿಕ್ಕದಾಯಿತು ಅಂತ ಅರ್ಥ.

ಶಾಲೆ ಹೇಳಿದ ಅಂಗಡಿಯಲ್ಲೇ ಕೊಳ್ಳಬೇಕಾ ಅನ್ನುವುದನ್ನು ಕ್ಲಾಸ್ ಟೀಚರ್ ಹತ್ತಿರ ನೇರ ಕೇಳಿ. ಕುತ್ತಿಗೆಯಲ್ಲಿ ಬಣ್ಣದ ಗೆರೆ, ಎದೆಯ ಮೇಲೆ ಲೋಗೋ ಇಲ್ಲದ ಪ್ಲೇನ್ ನೇವಿ ಬ್ಲೂ ಆದರೆ ಎಲ್ಲಿಂದಾದರೂ ತರಬಹುದು. ಚಳಿಗಾಲಕ್ಕೆ ಊರೂರಲ್ಲಿ ಟಿಬೆಟಿಯನ್ನರು ಸ್ವೆಟರ್ ಅಂಗಡಿ ಹಾಕುತ್ತಾರಲ್ಲ, ಅಲ್ಲೂ ಪ್ಲೇನ್ ಬಣ್ಣದ್ದು ನೋಡಿ. ಅವರ ಸರಕೂ ಹೆಚ್ಚಾಗಿ ಲೂಧಿಯಾನದ್ದೇ, ಆದರೆ ಬಿಡಿಸಿ, ಹಾಕಿಸಿ ನೋಡಲು ಬೇಸರ ಮಾಡುವುದಿಲ್ಲ. ಮನೆಯಲ್ಲಿ ಕಡ್ಡಿ ಹಿಡಿದು ಹೆಣೆಯುವವರಿದ್ದರೆ ಇನ್ನೂ ಒಳ್ಳೆಯದು. ಉಲನ್ ಅಂಗಡಿಯಲ್ಲಿ ಮಕ್ಕಳ ಬಟ್ಟೆಗೆ ಅಂತಲೇ ಮೆತ್ತನೆಯ ದಾರ ಸಿಗುತ್ತದೆ. ಹಾಫ್ ಸ್ವೆಟರ್ ಆದರೆ ಕೆಲಸವೂ ಕಡಿಮೆ, ಪಕ್ಕದ ಹೊಲಿಗೆಯೇ ಬಾರದಂತೆ ಸುತ್ತಲೂ ಒಂದೇ ಸಮ ಹೆಣೆಯಬಹುದು.

ಪಿಟಿ ಟೀಶರ್ಟ್ ಮೈಗೆ ಅಂಟುತ್ತದೆ, ಎದೆ ಹತ್ತಿರ ತುರಿಸುತ್ತದೆ ಅಂದಿದ್ದೀರಿ. ಅಂಟುವುದು ಪೂರ್ತಿ ಪಾಲಿಯೆಸ್ಟರ್ ಇರಬೇಕು. ಕಾಲರ್ ಟೀಶರ್ಟಿಗೆ ಸಣ್ಣ ಸಣ್ಣ ಗುಳಿ ಇರುವ ಮ್ಯಾಟಿ ಬಟ್ಟೆ ಒಳ್ಳೆಯದು, ಹತ್ತಿ ಹೆಚ್ಚು ಇರುವುದನ್ನು ಕೇಳಿ. ಹತ್ತಿಯ ಹೆಣಿಗೆ ಬಟ್ಟೆಗೆ ತಿರುಪ್ಪೂರು ಹೆಸರುವಾಸಿ. ಎದೆಯ ತುರಿಕೆಗೆ ಕಾರಣ ಕಸೂತಿ ಲೋಗೋ. ತಿರುಗಿಸಿ ನೋಡಿ, ಹಿಂದೆ ಒರಟು ಕಾಗದದಂಥ ಪಟ್ಟಿ ಇರುತ್ತದೆ. ಅದರ ಅಂಚನ್ನು ಹುಷಾರಾಗಿ ಕತ್ತರಿಸಿ, ಮೇಲೆ ಹಳೆಯ ಬನಿಯನ್ನಿನ ಒಂದು ತುಂಡು ಹೊಲಿದುಬಿಡಿ.

ಇನ್ನು ಒಗೆಯುವುದು. ಅಕ್ರಿಲಿಕ್ ಸ್ವೆಟರ್ ಒಳಮೈ ಹೊರಗೆ ಮಾಡಿ, ತಣ್ಣೀರು, ಸ್ವಲ್ಪವೇ ಲಿಕ್ವಿಡ್. ಸೋಪು ಉಳಿದುಕೊಂಡರೂ ಚರ್ಮ ತುರಿಸುತ್ತದೆ, ಆದ್ದರಿಂದ ಎರಡು ಸಲ ಜಾಲಿಸಿ. ಹ್ಯಾಂಗರಿಗೆ ನೇತು ಹಾಕಿದರೆ ಉದ್ದ ಆಗುತ್ತದೆ, ಟವೆಲ್ ಮೇಲೆ ಹಾಸಿ. ಬಿಸಿ ಇಸ್ತ್ರಿ ತಾಗಿಸಬೇಡಿ, ಹೊಳಪು ಬಂದು ಜೋಲುಬೀಳುತ್ತದೆ. ಬ್ಯಾಗ್ ಉಜ್ಜುವ ಕಡೆ ಉಂಡೆ ಉಂಡೆ ಏಳುವುದು ಸಹಜ, ತಿಂಗಳಿಗೊಮ್ಮೆ ತೆಗೆದರೆ ಸಾಕು.

ನಿಮ್ಮ ಹತ್ತಿರ ಈಗ ಇರುವ ಸ್ವೆಟರನ್ನು ಎಸೆಯಬೇಡಿ. ಈ ವಾರ ಚೀಟಿ ಬಿಚ್ಚಿಸಿ, ಒಳಗೆ ಫುಲ್ ತೋಳಿನ ಬನಿಯನ್ ಹಾಕಿ ಕಳಿಸಿ. ಆಗಲೂ ಬಿಚ್ಚಿದರೆ ತೋಳು ತೆಗೆಸಿ ಹಾಫ್ ಸ್ವೆಟರ್ ಮಾಡಿಸಬಹುದು. ಆದರೆ ಮಾಮೂಲಿ ಟೈಲರ್ ಹತ್ತಿರ ಬೇಡ. ಕತ್ತರಿ ಹಾಕಿದ ತಕ್ಷಣ ಕುಣಿಕೆ ಬಿಚ್ಚಿಕೊಂಡು ಹೋಗುತ್ತದೆ. ಸ್ವೆಟರ್ ಹೆಣೆಯುವವರಾದರೆ ಅಂಚಿನ ಕುಣಿಕೆ ಎತ್ತಿಕೊಂಡು ಅದೇ ಬಣ್ಣದ ದಾರದಲ್ಲಿ ಪಟ್ಟಿ ಹೆಣೆದು ಕೊಡುತ್ತಾರೆ. ಚರ್ಮದ ಮೇಲೆ ಕೆಂಪು ದದ್ದು ಇದ್ದು ಸ್ವೆಟರ್ ತೆಗೆದ ಮೇಲೂ ಹೋಗದಿದ್ದರೆ ಮಾತ್ರ ಇದ್ಯಾವುದೂ ಬೇಡ, ಮೊದಲು ಡಾಕ್ಟರಿಗೆ ತೋರಿಸಿ.