ಮಗನನ್ನು ಮಲಗಲು ಬಿಡಿ

ಕಲಬುರಗಿಯ ತಂದೆಯೊಬ್ಬರ ಪತ್ರ: ‘ಮಗ ಹತ್ತನೇ ತರಗತಿ. ನಸುಕಿನ ಐದೂವರೆಗೆ ಟ್ಯೂಷನ್. ಮೊಬೈಲ್ ಹಿಡಿದು ರಾತ್ರಿ ಹನ್ನೆರಡಾದರೂ ಮಲಗುವುದಿಲ್ಲ, ಬೆಳಿಗ್ಗೆ ಏಳುವುದಿಲ್ಲ. ದಿನಾ ಜಗಳ. ಈಗ ನನ್ನ ಜೊತೆ ಮಾತೇ ಬಿಟ್ಟಿದ್ದಾನೆ. ಮಕ್ಕಳ ಶಿಸ್ತಿನ ಬಗ್ಗೆ ಬರೆಯಿರಿ.’

ಶರಣು. ಮೊಬೈಲ್ ಬಗ್ಗೆ ನೀವು ದೂರಿದ್ದು ಸರಿ, ಮಲಗುವ ಕೋಣೆಯಲ್ಲಿ ಅದು ಬೇಡ. ಉಳಿದ ಎಲ್ಲದರಲ್ಲೂ ನಾನು ನಿಮ್ಮ ಮಗನ ಕಡೆ.

ಹರೆಯಕ್ಕೆ ಬಂದ ಮಕ್ಕಳಲ್ಲಿ ನಿದ್ದೆ ತರುವ ಮೆಲಟೋನಿನ್ ಹಾರ್ಮೋನ್ ಒಂದೆರಡು ಗಂಟೆ ತಡವಾಗಿ ಏರುತ್ತದೆ. ಹತ್ತಕ್ಕೆ ದೀಪ ಆರಿಸಿದರೂ ಹೊರಳಾಡುವುದು ಅದಕ್ಕೇ. ಸೋಮಾರಿತನ ಅಲ್ಲ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ತಜ್ಞರ ಸಂಘ 2016ರಲ್ಲೇ ಹೇಳಿದೆ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲು ಎಂಟೂವರೆಗಿಂತ ಮೊದಲು ಶುರು ಮಾಡುವಂತಿಲ್ಲ, ಕಾನೂನೇ ಇದೆ. ನಿಮ್ಮ ಮಗನಿಗೆ ಸಿಗುವುದು ಐದು ಗಂಟೆ. ಅದೂ ಬೇಸಿಗೆಯಲ್ಲಿ, ನಡುರಾತ್ರಿಯಾದರೂ ಕಾವು ಇಳಿಯದ ನಮ್ಮ ಕಲ್ಲಿನ ಮನೆಗಳಲ್ಲಿ!

ನಿದ್ದೆಗೆಟ್ಟ ಹುಡುಗ ಸಿಡುಕುತ್ತಾನೆ, ನೀವು ರೇಗುತ್ತೀರಿ. ಬೈಸಿಕೊಂಡು ಮಲಗಿದವನಿಗೆ ನಿದ್ದೆ ಹತ್ತುವುದಿಲ್ಲ. ಮರುದಿನ ಮತ್ತೆ ಅದೇ. ಇದನ್ನು ನಿಲ್ಲಿಸಬೇಕಾದವರು ದೊಡ್ಡವರು, ಅಲ್ವಾ?

ಚಳಿಗಾಲದ ನಸುಕಿನಲ್ಲಿ ಜಗತ್ ಸರ್ಕಲ್ ಕಡೆ ಬಂದು ನೋಡಿ. ಆಟೋದಲ್ಲಿ ಒತ್ತೊತ್ತಾಗಿ ಕೂತ ಮಕ್ಕಳು, ತೊಡೆಯ ಮೇಲೆ ಬ್ಯಾಗು, ಕಂಬಿಗೆ ಹಣೆ ಆನಿಸಿ ನಿದ್ದೆ. ನೋಡಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

2025ರ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆ, ಶೇ. 42.43. ಅದರ ಹಿಂದಿನ ವರ್ಷ ಯಾದಗಿರಿ ಕೊನೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದು ಹತ್ತು ವರ್ಷ ದಾಟಿದರೂ ನಮ್ಮ ಶಾಲೆಗಳಲ್ಲಿ ಶಿಕ್ಷಕರ ಹುದ್ದೆ ಖಾಲಿ ಬಿದ್ದಿವೆ. ಅದನ್ನು ಕೇಳುವ ಬಾಯಿ ನಮಗಿಲ್ಲ. ಮಕ್ಕಳನ್ನು ಮಾತ್ರ ಇನ್ನೂ ಬೇಗ ಎಬ್ಬಿಸುತ್ತೇವೆ. ಮೇಷ್ಟ್ರಿಲ್ಲದ ಶಾಲೆಯ ಸಾಲವನ್ನು ಹುಡುಗ ನಿದ್ದೆ ಕೊಟ್ಟು ತೀರಿಸಬೇಕಾ?

ನೀವು ಕೆಟ್ಟ ತಂದೆಯಲ್ಲ. ಮಗ ಮಾತು ಬಿಟ್ಟಿದ್ದಕ್ಕೆ ಸಂಕಟಪಟ್ಟು ಬರೆದಿದ್ದೀರಿ. ಈ ವಾರವೇ ನಸುಕಿನ ಟ್ಯೂಷನ್ ಬಿಡಿಸಿ, ಸಂಜೆಯದು ಹುಡುಕಿ. ರಾತ್ರಿ ಊಟದ ಹೊತ್ತಿಗೆ ಮಾರ್ಕ್ಸ್ ಮಾತು ಎತ್ತಬೇಡಿ. ಎರಡು ವಾರ ಕಳೆದರೂ ಮಂಕಾಗಿಯೇ ಇದ್ದರೆ, ಊಟ, ಗೆಳೆಯರು ಯಾವುದೂ ಬೇಡವೆಂದರೆ, ವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗನಿಗೂ ಆ ನಂಬರ್ ಕೊಟ್ಟಿರಿ.