18 ದೊಡ್ಡದು, 3 ಚಿಕ್ಕದು ಎಂದು ನಿಮಗೆ ಹೇಳಿದವರು ಯಾರು?

ಮೂರನೇ ಡಿಗ್ರಿ ಪಡೆದು ಮಾಸ್ಟರ್ ಮೇಸನ್ ಆಗಿ ವರ್ಷ ತುಂಬಿಲ್ಲ, ಆಗಲೇ ನಮ್ಮ ಸೋದರ ಸಂಘವಾದ ಫ್ರೀಮೇಸನ್ರಿಯ 18, 30, 33ನೇ ಡಿಗ್ರಿಗಳ, ಅಂದರೆ ದೀಕ್ಷೆಗಳ, ಅರ್ಥವೇನು, ಅಲ್ಲಿಗೆ ಬೇಗ ತಲುಪುವುದು ಹೇಗೆ ಎಂದು ಕೇಳಿದ್ದೀರಿ. ಕೊಡಗಿನವರು ಎಂದೂ ಬರೆದಿದ್ದೀರಿ. ನಿಮ್ಮ ಅವಸರ ಎಲ್ಲಿಂದ ಬಂತೆಂದು ನನಗೆ ಗೊತ್ತು. ಸೈನ್ಯಕ್ಕೆ ಸೇರಿದವರಿಲ್ಲದ ಮನೆ ನಮ್ಮಲ್ಲಿ ಅಪರೂಪ. ಭುಜದ ಮೇಲಿನ ನಕ್ಷತ್ರ ಎಣಿಸಿ ಮರ್ಯಾದೆ ಕೊಡುವುದನ್ನು ಮಕ್ಕಳೂ ಕಲಿತಿರುತ್ತಾರೆ. ನಾನು ಡಿಗ್ರಿಗಳನ್ನೂ ಹಾಗೆಯೇ ಎಣಿಸಿದೆ.

ಅಮ್ಮತ್ತಿಯ ತೋಟ ಬಿಟ್ಟು ಬೆಂಗಳೂರಿನ ಸಭೆಗಳಿಗೆ ಓಡುತ್ತಿದ್ದ ಕಾಲ ಅದು. ಮೂರನೆಯದರ ನಂತರ ಮೊದಲು ಮಾರ್ಕ್ ಡಿಗ್ರಿ ಪಡೆದೆ. ಅದರ ಕಥೆಯಲ್ಲಿ, ಕೆಲಸಗಾರನೊಬ್ಬ ಒಪ್ಪಿಸಿದ ಕಲ್ಲು ಚೌಕವೂ ಅಲ್ಲ, ಆಯತವೂ ಅಲ್ಲವೆಂದು ಮೇಲ್ವಿಚಾರಕರು ಅದನ್ನು ಕಸದ ರಾಶಿಗೆ ಎಸೆಯುತ್ತಾರೆ. ಕಮಾನು ಮುಚ್ಚುವ ಹೊತ್ತಿಗೆ ಎಲ್ಲರೂ ಹುಡುಕುವುದು ಅದೇ ಕಲ್ಲನ್ನು. ಆಮೇಲೆ ರಾಯಲ್ ಆರ್ಚ್ ಎಂಬ ಇನ್ನೊಂದು ದೀಕ್ಷೆ. ಮೂರನೇ ಡಿಗ್ರಿಯ ಕಥೆಯಲ್ಲಿ, ಸೊಲೊಮೋನನ ದೇವಾಲಯದ ಶಿಲ್ಪಿ ಹಿರಾಮ್ ಅಬಿಫ್ ಗುಟ್ಟು ಬಿಟ್ಟುಕೊಡದೆ ಪ್ರಾಣ ಕೊಟ್ಟಾಗ ಕಳೆದುಹೋದದ್ದು ಇಲ್ಲಿ ಮರಳಿ ಸಿಗುತ್ತದೆ: ಬಾಬಿಲೋನಿನ ಸೆರೆಯಿಂದ ಹಿಂತಿರುಗಿದವರು ಜೆರುಸಲೇಮಿನ ಎರಡನೇ ದೇವಾಲಯಕ್ಕಾಗಿ ನೆಲ ಹಸನುಮಾಡುವಾಗ ಹಳೆಯ ನೆಲಮಾಳಿಗೆಯೊಂದು ತೆರೆದುಕೊಳ್ಳುತ್ತದೆ. ಮೇಸನ್ನರ ಸ್ಥಳೀಯ ಘಟಕಗಳಾದ ಲಾಡ್ಜ್‌ಗಳನ್ನು ನಡೆಸುತ್ತಿದ್ದ ಇಂಗ್ಲೆಂಡಿನ ಎರಡು ಗ್ರ್ಯಾಂಡ್ ಲಾಡ್ಜ್‌ಗಳು 1813ರಲ್ಲಿ ಒಂದಾದಾಗ ಬರೆದುಕೊಂಡ ಒಪ್ಪಂದದಲ್ಲಿ, ಡಿಗ್ರಿಗಳು ಮೂರೇ, ರಾಯಲ್ ಆರ್ಚ್ ಅವುಗಳಲ್ಲೇ ಸೇರಿದೆ ಎಂದಿದೆ. ಇದನ್ನು ಓದಿಯೂ ನಾನು 18ರ ಹಿಂದೆ ಬಿದ್ದೆ.

ಅದೇ ರೋಸ್ ಕ್ರಾಯ್, 33 ಡಿಗ್ರಿಗಳ ಬೇರೊಂದು ಏಣಿಯ ಹದಿನೆಂಟನೆಯದು. ಇಂಗ್ಲಿಷ್ ಪದ್ಧತಿಯಲ್ಲಿ 4ರಿಂದ 17ರವರೆಗಿನವನ್ನು ಹೆಸರಿಗಷ್ಟೇ ದಯಪಾಲಿಸಿ, 18ನ್ನು ಮಾತ್ರ ಪೂರ್ತಿ ವಿಧಿಯಿಂದ ನಡೆಸುತ್ತಾರೆ. ಮೂರರಿಂದ ಹದಿನೆಂಟಕ್ಕೆ ಒಂದೇ ಸಂಜೆಯಲ್ಲಿ ಜಿಗಿತ! ನನಗೆ ತಲೆ ತಿರುಗಿದ್ದು ಅಲ್ಲಿಯೇ. ನಿಗದಿಯಾದ ದಿನವೇ ಕೊಡಗಿನ ಸುಗ್ಗಿಹಬ್ಬ ಪುತ್ತರಿ. ಆ ವರ್ಷ ಕದಿರು ತೆಗೆಯುವ ಕುಡುಗೋಲನ್ನು ನನ್ನ ಕೈಗೆ ಕೊಡುವುದೆಂದು ಮನೆತನದ ಮೂಲಮನೆಯಾದ ಐನ್‌ಮನೆಯ ಹಿರಿಯರು ತೀರ್ಮಾನಿಸಿದ್ದರು.

ಇಲ್ಲಿ ಯಾರೂ ನನ್ನನ್ನು ಬಲವಂತ ಮಾಡಲಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಮುಂದಿನ ಸಭೆಗೆ ಬನ್ನಿ, ಏನೂ ನಷ್ಟವಿಲ್ಲ ಎಂದು ಕಾರ್ಯದರ್ಶಿ ತಾವಾಗಿಯೇ ಹೇಳಿದ್ದರು. ನಾನೇ ಒಪ್ಪಲಿಲ್ಲ. ನನ್ನ ಜೊತೆಗೆ ಸೇರಿದವರಿಬ್ಬರು ಆ ಸಂಜೆ 18ನೇ ಡಿಗ್ರಿಯವರಾಗುತ್ತಾರೆ, ನಾನು ಮೂರರಲ್ಲೇ ಉಳಿಯುತ್ತೇನೆ ಎಂಬ ಹೊಟ್ಟೆಯುರಿ. ಅಣ್ಣನಿಗೆ ಫೋನಿನಲ್ಲಿ, ‘ಪುತ್ತರಿ ಪ್ರತಿ ವರ್ಷ ಬರುತ್ತದೆ’ ಎಂದೆ. ಸಭೆಯೂ ಪ್ರತಿ ವರ್ಷ ಬರುತ್ತದೆ ಎಂದು ಅವನು ಹೇಳಬಹುದಿತ್ತು; ಹೇಳಲಿಲ್ಲ, ಫೋನ್ ಇಟ್ಟ. ಕೋವಿಯ ಗುಂಡು ಹಾರಿ, ‘ಪೊಲಿ ಪೊಲಿ ದೇವಾ’ ಎನ್ನುತ್ತ ಗದ್ದೆಯಲ್ಲಿ ಕುಡುಗೋಲು ಹಿಡಿದವನು ಅವನೇ. ಅದೇ ಹೊತ್ತಿಗೆ ನಾನು ಬೆಂಗಳೂರಿನಲ್ಲಿ, ತನ್ನ ಎದೆ ಕುಕ್ಕಿ ಮರಿಗಳಿಗೆ ರಕ್ತ ಉಣಿಸುವ ಪೆಲಿಕನ್ ಹಕ್ಕಿಯ ಚಿಹ್ನೆಯನ್ನು ಮೆಚ್ಚುತ್ತ ಕುಳಿತಿದ್ದೆ. ರೋಸ್ ಕ್ರಾಯ್‌ನ ಮುಖ್ಯ ಸಂಕೇತಗಳಲ್ಲೊಂದು ಅದು. ಅರ್ಥ, ತನ್ನವರಿಗಾಗಿ ತನ್ನನ್ನು ಕೊಟ್ಟುಕೊಳ್ಳುವುದು.

ಅಂದಿನಿಂದ ಪುತ್ತರಿಯಲ್ಲಿ ಎಲೆಗಳ ಕಟ್ಟಾದ ‘ನೆರೆ’ ಕಟ್ಟುವ, ಕದಿರು ತೆಗೆಯುವ ಸಮಯವನ್ನು ಅಣ್ಣ ನನಗೆ ತಿಳಿಸುವುದಿಲ್ಲ. ಪತ್ರಿಕೆಯಲ್ಲಿ ನೋಡಿಕೊಂಡು ಹೋಗುತ್ತೇನೆ. ತಂಬುಟ್ಟಿನ ತಟ್ಟೆ ಅತಿಥಿಗಳ ಸಾಲಿನಲ್ಲಿ ನನಗೂ ಬರುತ್ತದೆ.

ನನ್ನನ್ನು ತಡೆಯಬೇಕಾಗಿದ್ದ ಮಾತು ಮೊದಲನೇ ಡಿಗ್ರಿಯಲ್ಲೇ ಇತ್ತು. 24 ಅಂಗುಲದ ಅಳತೆಗೋಲನ್ನು ತೋರಿಸಿ, ಇದು ದಿನದ 24 ಗಂಟೆ, ಪ್ರಾರ್ಥನೆಗೆ ಒಂದು ಪಾಲು, ದುಡಿಮೆಗೂ ವಿಶ್ರಾಂತಿಗೂ ಒಂದು ಪಾಲು, ಕಷ್ಟದಲ್ಲಿರುವ ಗೆಳೆಯನಿಗೆ ಒಂದು ಪಾಲು ಎಂದು ವಿವರಿಸುತ್ತಾರಲ್ಲ, ಅದರ ಬಾಲದಲ್ಲಿ ಒಂದು ಷರತ್ತಿದೆ: ನಿನಗೂ ನಿನ್ನವರಿಗೂ ಹಾನಿಯಾಗದಂತೆ. ನಾನು ಆ ಭಾಗವನ್ನು ಬಾಯಿಪಾಠ ಒಪ್ಪಿಸಿದವನು.

ಆದ್ದರಿಂದ ‘ಮೇಲಿನ’ ಡಿಗ್ರಿ ಎಂಬ ನಿಮ್ಮ ಎಣಿಕೆಯನ್ನೇ ನಾನು ಒಪ್ಪುವುದಿಲ್ಲ. ಅವು ಪಕ್ಕದ ಕೋಣೆಗಳು. 18ನೆಯವನೂ ಲಾಡ್ಜ್‌ನಲ್ಲಿ ಮಾಸ್ಟರ್ ಮೇಸನ್ ಅಷ್ಟೇ. ಮಾಸ್ಟರ್‌ನ ಕುರ್ಚಿಯಲ್ಲಿ ಕುಳಿತವರ ಸುತ್ತಿಗೆ ಬಿದ್ದರೆ ಅವನೂ ಸುಮ್ಮನಾಗಬೇಕು. 33 ಸಂಖ್ಯೆಯ ಈ ಏಣಿ ಗಟ್ಟಿಯಾದದ್ದು 1801ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ಅದರ ಆಡಳಿತ ಮಂಡಳಿಯಾದ ಸುಪ್ರೀಂ ಕೌನ್ಸಿಲ್ ಸ್ಥಾಪನೆಯಾದ ಮೇಲೆ. 33 ಎಂಬುದು ಕೇಳಿ ಪಡೆಯುವಂಥದ್ದಲ್ಲ, ಸುಪ್ರೀಂ ಕೌನ್ಸಿಲ್‌ನವರೇ ಆರಿಸಿ ಕೊಡುವಂಥದ್ದು. ಯೂಟ್ಯೂಬಿನಲ್ಲಿ ಅದರ ಬಗ್ಗೆ ಜಗತ್ತನ್ನು ಆಳುವ ಕಥೆ ಹೇಳುವವರಿಗೆ ಬೇರೆ ಕೆಲಸವಿಲ್ಲ.

ಲಾಡ್ಜ್‌ನಲ್ಲಿ ಡೀಕನ್ ಹುದ್ದೆ ಕೇಳಿ ಪಡೆಯಿರಿ. ಹೊಸಬರ ಕೈಹಿಡಿದು ನಡೆಸುವಾಗ ಮೊದಲ ಮೂರು ಡಿಗ್ರಿಗಳನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತೀರಿ. ಆಮೇಲೆ ಮಾರ್ಕ್, ರಾಯಲ್ ಆರ್ಚ್ ಪಡೆಯಿರಿ, ಅವು ನಿಜಕ್ಕೂ ಚೆಂದ. ರೋಸ್ ಕ್ರಾಯ್ ವಿಚಾರವನ್ನು ಈ ಎರಡೂ ಆದ ಮೇಲೆ ಬಂದು ಕೇಳಿ, ಆಗ ಉತ್ತರಿಸುತ್ತೇನೆ.