ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಎರಡನೆಯ ಸರ್ವರ್ ಇದ್ದೂ ಡೇಟಾಬೇಸ್ ನಿಂತಿದ್ದೇಕೆ?

ಪ್ರಶ್ನೆ: ನಮ್ಮ ಸಂಸ್ಥೆಯ ಲೆಕ್ಕಪತ್ರ, ದಾಸ್ತಾನು ಎಲ್ಲವೂ ಒಂದೇ ಡೇಟಾಬೇಸನ್ನು ನಂಬಿಕೊಂಡಿವೆ. ಎರಡು ವರ್ಷಗಳ ಹಿಂದೆಯೇ ಆಪತ್ತಿಗಾಗುವ ಎರಡನೆಯ, ಅಂದರೆ ಸ್ಟ್ಯಾಂಡ್‌ಬೈ ಸರ್ವರ್ ಕೊಂಡು, ದತ್ತಾಂಶ ಅದಕ್ಕೂ ನಕಲಾಗುತ್ತಿರುವಂತೆ ರೆಪ್ಲಿಕೇಷನ್ ಅಳವಡಿಸಿದ್ದೆವು. ಆದರೂ ಕಳೆದ ತಿಂಗಳು ಮುಖ್ಯ ಸರ್ವರಿನ ಸ್ಟೋರೇಜ್ ಕೈಕೊಟ್ಟಾಗ ಮೂರು ಗಂಟೆ ಕೆಲಸ ನಿಂತಿತು. ಈಗ ಆಡಳಿತ ಮಂಡಳಿ ಶೇ. 99.99ರಷ್ಟು ಲಭ್ಯತೆ ಬೇಕೆನ್ನುತ್ತಿದೆ. ಫೇಲ್‌ಓವರ್, ಅಂದರೆ ಮುಖ್ಯ ಸರ್ವರ್ ಬಿದ್ದಾಗ ಸ್ಟ್ಯಾಂಡ್‌ಬೈ ಅದರ ಜಾಗಕ್ಕೆ ಬರುವುದು, ತಾನಾಗಿಯೇ ಆಗುವಂತೆ ಮಾಡಿದರೆ ಸಾಕೇ?

ಉತ್ತರ: ಮಂಡಳಿ ಕೇಳುತ್ತಿರುವ ಅಂಕಿಯನ್ನು ಮೊದಲು ಗಡಿಯಾರದ ಲೆಕ್ಕಕ್ಕೆ ತರೋಣ. ಶೇ. 99.9 ಎಂದರೆ ವರ್ಷಕ್ಕೆ ಸುಮಾರು 8 ಗಂಟೆ 46 ನಿಮಿಷಗಳ ಡೌನ್‌ಟೈಮ್ (ಕೆಲಸ ನಿಂತಿರುವ ಸಮಯ), ಶೇ. 99.99 ಎಂದರೆ ಸುಮಾರು 53 ನಿಮಿಷ. ಇನ್ನೊಂದು ಒಂಬತ್ತು ಸೇರಿ ಶೇ. 99.999 ಆದರೆ 5 ನಿಮಿಷಕ್ಕಿಂತ ತುಸು ಹೆಚ್ಚು, ಅಷ್ಟೇ. ಕಳೆದ ತಿಂಗಳ ಆ ಮೂರು ಗಂಟೆಗಳಲ್ಲೇ ನೀವು ಮೂರು ವರ್ಷಗಳ ಪಾಲನ್ನು ಖರ್ಚು ಮಾಡಿ ಮುಗಿಸಿದ್ದೀರಿ.

ಆ ಮೂರು ಗಂಟೆ ಎಲ್ಲೆಲ್ಲಿ ಹೋಯಿತೆಂಬುದನ್ನು ನಿಮಿಷವಾರು ಬರೆದು ನೋಡಿ. ಸ್ಟ್ಯಾಂಡ್‌ಬೈಯನ್ನು ಪ್ರೈಮರಿಯಾಗಿ (ಮುಖ್ಯ ಸರ್ವರಾಗಿ) ಬಡ್ತಿಗೊಳಿಸುವ ಆದೇಶಕ್ಕೆ ಸಾಮಾನ್ಯವಾಗಿ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ತೊಂದರೆಯಾಗಿದೆಯೆಂದು ಗಮನಕ್ಕೆ ಬರುವುದು, ಬದಲಾಯಿಸಲು ಅನುಮತಿ ಕೊಡಬೇಕಾದವರು ಸಿಗುವುದು, ಹಳೆಯ ವಿಳಾಸವನ್ನೇ ಹಿಡಿದು ಕುಳಿತಿರುವ ಅಪ್ಲಿಕೇಷನ್‌ಗಳನ್ನು ಹೊಸ ಸರ್ವರಿನತ್ತ ತಿರುಗಿಸುವುದು, ಸಮಯ ಕರಗುವುದು ಇವುಗಳಲ್ಲಿ. ಸ್ವಯಂಚಾಲಿತ ಫೇಲ್‌ಓವರ್ ಮೊದಲೆರಡನ್ನು ನಿವಾರಿಸೀತು. ಮೂರನೆಯದಕ್ಕೆ ಅಪ್ಲಿಕೇಷನ್‌ಗಳು ಸರ್ವರಿನ ನೇರ ವಿಳಾಸದ ಬದಲು ಸಂಪರ್ಕವನ್ನು ಸರಿಯಾದ ಸರ್ವರಿಗೆ ದಾಟಿಸುವ ಮಧ್ಯದ ಪ್ರಾಕ್ಸಿ ಅಥವಾ ಒಂದು ಸರ್ವರಿನಿಂದ ಇನ್ನೊಂದಕ್ಕೆ ವರ್ಗಾಯಿಸಬಹುದಾದ ವಿಳಾಸವಾದ ವರ್ಚುಯಲ್ ಐಪಿಯ ಮೂಲಕ ಸಂಪರ್ಕಿಸಬೇಕು, ಸಂಪರ್ಕ ಕಡಿದಾಗ ತಾವೇ ಮತ್ತೆ ಪ್ರಯತ್ನಿಸುವಂತೆಯೂ ಇರಬೇಕು.

ಆದರೆ ಎರಡೇ ಸರ್ವರ್‌ಗಳಿರುವ ನಿಮ್ಮ ಈಗಿನ ವ್ಯವಸ್ಥೆಯಲ್ಲಿ ಇದನ್ನು ತಾನಾಗಿಯೇ ನಡೆಯಲು ಬಿಡಬೇಡಿರೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಪ್ರೈಮರಿಯಿಂದ ಸದ್ದಿಲ್ಲವೆಂದಾಗ, ಅದು ಸತ್ತಿದೆಯೋ ಅಥವಾ ನಡುವಿನ ಜಾಲ ಮಾತ್ರ ಕಡಿದಿದೆಯೋ ಎಂಬುದನ್ನು ಸ್ಟ್ಯಾಂಡ್‌ಬೈ ತಾನೊಂದೇ ತಿಳಿಯಲಾರದು. ಜಾಲ ಮಾತ್ರ ಕಡಿದಿದ್ದರೆ ಎರಡೂ ತಾವೇ ಪ್ರೈಮರಿಯೆಂದು ಭಾವಿಸಿ ಬೇರೆ ಬೇರೆ ದಾಖಲೆಗಳನ್ನು ಬರೆದುಕೊಳ್ಳುತ್ತವೆ. ಸ್ಪ್ಲಿಟ್ ಬ್ರೇನ್ ಎಂದು ಕರೆಯುವ ಈ ಸ್ಥಿತಿಯಲ್ಲಿ ಎರಡು ಲೆಕ್ಕಗಳನ್ನು ಮತ್ತೆ ಒಂದು ಮಾಡುವುದು ಮೂರು ಗಂಟೆಯ ಡೌನ್‌ಟೈಮ್‌ಗಿಂತ ಎಷ್ಟೋ ಪಾಲು ಕಷ್ಟದ ಕೆಲಸ. ಆದ್ದರಿಂದ ಮೂರನೆಯ ಮತವೊಂದು ಬೇಕು. ಅದು ದತ್ತಾಂಶವನ್ನು ಇಟ್ಟುಕೊಳ್ಳಬೇಕಾಗಿಲ್ಲ, ಸಣ್ಣ ಯಂತ್ರವಾದರೂ ಸಾಕು. ಆದರೆ ಉಳಿದೆರಡರ ವಿದ್ಯುತ್ತು, ಸ್ವಿಚ್‌ಗಳನ್ನು ಹಂಚಿಕೊಳ್ಳದ ಜಾಗದಲ್ಲಿರಬೇಕು. ಬಹುಮತ ಯಾರ ಕಡೆಗಿದೆಯೋ ಅವರೇ ಪ್ರೈಮರಿ. ಬಡ್ತಿಗೆ ಮೊದಲು ಹಳೆಯ ಪ್ರೈಮರಿಯ ವಿದ್ಯುತ್ತನ್ನೋ ಸ್ಟೋರೇಜ್ ಸಂಪರ್ಕವನ್ನೋ ಬಲವಂತವಾಗಿ ಕಡಿಯುವ ಫೆನ್ಸಿಂಗ್ ಕೂಡ ಜೊತೆಗಿರಲಿ.

ಬಹುಮತವಿದ್ದರೂ ಎಡವಟ್ಟಾಗಬಹುದೆಂಬುದಕ್ಕೆ ತಂತ್ರಾಂಶದ ಕೋಡ್ ಇರಿಸುವ ತಾಣವಾದ ಗಿಟ್‌ಹಬ್ ಸಂಸ್ಥೆ 2018ರ ಅಕ್ಟೋಬರ್‌ನಲ್ಲಿ ಅನುಭವಿಸಿದ್ದು ನಿದರ್ಶನ. ನಿರ್ವಹಣಾ ಕಾರ್ಯದ ವೇಳೆ ಅಮೆರಿಕದ ಪೂರ್ವ ಕರಾವಳಿಯ ಅವರ ಮುಖ್ಯ ಡೇಟಾ ಸೆಂಟರಿನ ಸಂಪರ್ಕ ಕೇವಲ 43 ಸೆಕೆಂಡು ಕಡಿಯಿತು. ಅಷ್ಟರಲ್ಲಿ ಸ್ವಯಂಚಾಲಿತ ವ್ಯವಸ್ಥೆ ಪಶ್ಚಿಮ ಕರಾವಳಿಯ ಸರ್ವರ್‌ಗಳಿಗೆ ಬಡ್ತಿ ಕೊಟ್ಟಿತು. ಪೂರ್ವದಲ್ಲಿ ಕೆಲವು ಸೆಕೆಂಡುಗಳ ಬರಹ ಪಶ್ಚಿಮಕ್ಕೆ ತಲುಪಿರಲಿಲ್ಲ, ಪಶ್ಚಿಮದಲ್ಲಿ ಆಗಲೇ ಹೊಸ ಬರಹ ಆರಂಭವಾಗಿತ್ತು. ಎಲ್ಲವೂ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. ಎಷ್ಟು ಹೊತ್ತು ಕಾದು ಬಡ್ತಿ ಕೊಡಬೇಕು, ದೂರದ ಕೇಂದ್ರಕ್ಕೆ ತಾನಾಗಿಯೇ ಜಿಗಿಯಲು ಬಿಡಬೇಕೇ ಎಂಬುದು ತಂತ್ರಾಂಶದ ಪೂರ್ವನಿಗದಿತ ಸೆಟ್ಟಿಂಗಿಗೆ ಬಿಡುವಂಥ ತೀರ್ಮಾನವಲ್ಲ.

ರೆಪ್ಲಿಕೇಷನ್ ಬಗೆಯ ಆಯ್ಕೆಯೂ ಇದಕ್ಕೆ ಹೆಣೆದುಕೊಂಡಿದೆ. ಸ್ಟ್ಯಾಂಡ್‌ಬೈಗೆ ಕಾಯದೆ ಪ್ರೈಮರಿ ಮುಂದುವರಿಯುವ ಅಸಿಂಕ್ರೊನಸ್ ವಿಧಾನದಲ್ಲಿ ಕೊನೆಯ ಕೆಲವು ಕ್ಷಣಗಳ ವ್ಯವಹಾರ ಕಳೆದುಹೋಗಬಹುದು. ಸಿಂಕ್ರೊನಸ್ ವಿಧಾನದಲ್ಲಿ ಹಾಗಾಗದು, ಆದರೆ ಪ್ರತಿ ಕಮಿಟ್ (ವ್ಯವಹಾರವನ್ನು ಖಾಯಂಗೊಳಿಸುವ ಹೆಜ್ಜೆ) ಸ್ಟ್ಯಾಂಡ್‌ಬೈಯ ಒಪ್ಪಿಗೆಗೆ ಕಾಯಬೇಕು. ಬೆಳಕು ಆಪ್ಟಿಕಲ್ ಫೈಬರಿನಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, 1000 ಕಿಲೋಮೀಟರ್ ದೂರದ ಸ್ಟ್ಯಾಂಡ್‌ಬೈಗೆ ಹೋಗಿಬರುವುದಕ್ಕೇ 10 ಮಿಲಿಸೆಕೆಂಡು ಬೇಕು. ಯಾವ ದುಬಾರಿ ಸರ್ವರೂ ಇದನ್ನು ಕಡಿಮೆ ಮಾಡಲಾರದು. ಇನ್ನೊಂದು ಮುಳ್ಳಿದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ, ಇರುವ ಒಂದೇ ಸ್ಟ್ಯಾಂಡ್‌ಬೈಯನ್ನು ಸಿಂಕ್ರೊನಸ್ ಮಾಡಿದರೆ, ಆ ಸ್ಟ್ಯಾಂಡ್‌ಬೈ ಬಿದ್ದಾಗ ಆರೋಗ್ಯವಾಗಿರುವ ಪ್ರೈಮರಿಯ ಕಮಿಟ್‌ಗಳೂ ನಿಂತುಬಿಡುತ್ತವೆ. ಲಭ್ಯತೆಗೆಂದು ಕೊಂಡ ಯಂತ್ರವೇ ಅದನ್ನು ತಗ್ಗಿಸಿದಂತಾಯಿತು! ಹತ್ತಿರದಲ್ಲಿ ಎರಡು ಸ್ಟ್ಯಾಂಡ್‌ಬೈ ಇಟ್ಟು, ಅವುಗಳಲ್ಲಿ ಯಾವುದಾದರೊಂದು ಒಪ್ಪಿದರೆ ಸಾಕೆಂದು ಹೊಂದಿಸುವುದು, ದೂರದ್ದೊಂದನ್ನು ಅಸಿಂಕ್ರೊನಸ್ ಆಗಿ ಬಿಡುವುದು ನಾನು ಮೆಚ್ಚುವ ಏರ್ಪಾಡು.

ಪ್ರಶ್ನೆ: ರೆಪ್ಲಿಕೇಷನ್ ಇದ್ದಮೇಲೆ ದಿನವೂ ಬ್ಯಾಕಪ್ ಏಕೆ ಬೇಕು?

ಉತ್ತರ: ತಪ್ಪಾಗಿ ಅಳಿಸಿದ ಕೋಷ್ಟಕವನ್ನು ರೆಪ್ಲಿಕೇಷನ್ ಅಷ್ಟೇ ನಿಷ್ಠೆಯಿಂದ ಸ್ಟ್ಯಾಂಡ್‌ಬೈಯಲ್ಲೂ ಅಳಿಸುತ್ತದೆ. 2017ರ ಜನವರಿ 31ರಂದು, ಗಿಟ್‌ಹಬ್‌ನಂಥದೇ ಇನ್ನೊಂದು ತಾಣವಾದ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ಸ್ಟ್ಯಾಂಡ್‌ಬೈಯಲ್ಲಿ ಅಳಿಸಬೇಕಾದ ಕಡತಗಳನ್ನು ಪ್ರೈಮರಿಯಲ್ಲಿ ಅಳಿಸಿದರು. ತೆರೆದು ನೋಡಿದರೆ, ತಂತ್ರಾಂಶದ ಆವೃತ್ತಿ ಹೊಂದದೆ ನಿತ್ಯದ ಬ್ಯಾಕಪ್ ವಿಫಲವಾಗುತ್ತಲೇ ಇತ್ತು. ಆ ವೈಫಲ್ಯವನ್ನು ತಿಳಿಸುವ ಇಮೇಲ್‌ಗಳೂ ಯಾರನ್ನೂ ತಲುಪುತ್ತಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಸುಮಾರು 6 ಗಂಟೆ ಮೊದಲು ತೆಗೆದಿಟ್ಟಿದ್ದ ಸ್ನ್ಯಾಪ್‌ಶಾಟ್ (ಆ ಕ್ಷಣದ ದತ್ತಾಂಶದ ಪ್ರತಿ) ಅವರನ್ನು ಉಳಿಸಿತು. ಆದುದರಿಂದ ಬ್ಯಾಕಪ್ ತೆಗೆದರಷ್ಟೇ ಸಾಲದು, ಅದನ್ನು ಪ್ರತ್ಯೇಕ ಸರ್ವರಿನಲ್ಲಿ ಆಗಾಗ ಮರುಸ್ಥಾಪಿಸಿ, ಹಿಡಿದ ಸಮಯವನ್ನು ಬರೆದಿಡಿ. ಮಂಡಳಿ ಕೇಳಿದರೆ ತೋರಿಸಲು ಆ ಅಂಕಿ ಒದಗುತ್ತದೆ.

ಪ್ರಶ್ನೆ: ಪ್ಯಾಚ್ ಹಾಕಲು, ಕೋಷ್ಟಕ ಬದಲಿಸಲು ಸರ್ವರ್ ನಿಲ್ಲಿಸಲೇಬೇಕೇ?

ಉತ್ತರ: ಪ್ಯಾಚ್‌ಗಾಗಿ ಪೂರ್ತಿ ನಿಲ್ಲಿಸಬೇಕಾಗಿಲ್ಲ. ಮೊದಲು ಸ್ಟ್ಯಾಂಡ್‌ಬೈಗೆ ಹಾಕಿ, ಸ್ವಿಚ್‌ಓವರ್ ಮಾಡಿ (ಯೋಜಿಸಿ ಎರಡರ ಪಾತ್ರ ಅದಲುಬದಲು ಮಾಡಿ), ಬಳಿಕ ಹಳೆಯ ಪ್ರೈಮರಿಗೆ ಹಾಕಿ. ನಿಲುಗಡೆ ಸ್ವಿಚ್‌ಓವರಿನ ಅವಧಿಗೆ ಇಳಿಯುತ್ತದೆ, ಮೇಲೆ ಹೇಳಿದ ಫೇಲ್‌ಓವರಿಗೂ ಇದೇ ತಾಲೀಮು. ಕೋಷ್ಟಕ ಬದಲಾವಣೆಯಲ್ಲಿ ಮಾತ್ರ ಎಚ್ಚರ ಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಕೋಷ್ಟಕದ ರಚನೆ ಬದಲಿಸುವ ಆಲ್ಟರ್ ಟೇಬಲ್ ಆದೇಶವು ಯಾವುದೋ ದೀರ್ಘ ವರದಿಯ ಹಿಂದೆ ಲಾಕ್‌ಗಾಗಿ (ಕೋಷ್ಟಕದ ಮೇಲಿನ ಹಿಡಿತಕ್ಕಾಗಿ) ಕಾಯುತ್ತಿದ್ದರೆ, ಆ ಕೋಷ್ಟಕಕ್ಕೆ ಆಮೇಲೆ ಬಂದ ಸಾಮಾನ್ಯ ಕ್ವೆರಿಗಳೂ (ದತ್ತಾಂಶ ಕೇಳುವ ವಿನಂತಿಗಳೂ) ಅದರ ಹಿಂದೆ ಸಾಲುಗಟ್ಟುತ್ತವೆ. ಸರ್ವರ್ ಓಡುತ್ತಲೇ ಇರುತ್ತದೆ, ಬಳಕೆದಾರರ ಪಾಲಿಗೆ ಮಾತ್ರ ನಿಂತಿರುತ್ತದೆ. ಲಾಕ್‌ಗಾಗಿ ಕಾಯುವ ಗರಿಷ್ಠ ಅವಧಿಯಾದ ಲಾಕ್ ಟೈಮ್‌ಔಟ್ ಅನ್ನು ಕೆಲವೇ ಸೆಕೆಂಡುಗಳಿಗೆ ಮಿತಿಗೊಳಿಸಿ. ಲಾಕ್ ಸಿಗದಿದ್ದರೆ ಆದೇಶ ತಾನೇ ರದ್ದಾಗುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಡಿ.